ಹೆಬ್ಬೆಟ್ಟು ಒಂದೇ ಸಾಲದು

ಆದಿವಾಸಿ ಹಾಡಿಯಲ್ಲಿ ರಕ್ತಹೀನತೆ ಸಮೀಕ್ಷೆಗೆ ಒಪ್ಪಿಗೆ ಪಡೆಯಲು ಓದುಬರಹ ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ವಿವರ ಹೇಳುವಷ್ಟೂ ಹೊತ್ತು ಓದು ಬಲ್ಲ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು ಸಹಿ ಹಾಕಬೇಕು. ಅವರು ನಿಮ್ಮ ತಂಡದವರಾಗಿರಬಾರದು. ಹೆಚ್ಚಿನವರು ಎಡವುವುದು ಇಲ್ಲೇ: ಫಾರಂ ಎಲ್ಲ ತುಂಬಿಸಿ, ಸಂಜೆ ಯಾರದೋ ಸಹಿ ಹಾಕಿಸುತ್ತಾರೆ. ಹಾಡಿಯ ಯಜಮಾನರ ಅನುಮತಿ ಒಳಗೆ ಹೋಗಲು ಮಾತ್ರ, ಒಬ್ಬೊಬ್ಬರ ಒಪ್ಪಿಗೆಯನ್ನೂ ಬೇರೆಯಾಗಿಯೇ ಕೇಳಬೇಕು.

ಒಪ್ಪಿಗೆ ಕೇಳುವ ಕೆಲಸ ಆಶಾ ಕಾರ್ಯಕರ್ತೆಗೆ ಒಪ್ಪಿಸಬೇಡಿ. ಬೇಡ ಅಂದರೆ ಮಾತ್ರೆ, ರೇಷನ್ ನಿಂತೀತೆಂಬ ಭಯಕ್ಕೆ ಜನ ತಲೆಯಾಡಿಸಿಬಿಡುತ್ತಾರೆ, ಅದು ಒಪ್ಪಿಗೆಯಲ್ಲ. "ಬೆರಳು ಚುಚ್ಚಿ ಒಂದೆರಡು ಹನಿ ರಕ್ತ ತಗೋತೀವಿ, ಬೇಡ ಅಂದರೂ ನಿಮಗೆ ಬರೋದು ಯಾವುದೂ ನಿಲ್ಲಲ್ಲ" ಅಂತ ಹೇಳಿ, ಅದನ್ನೇ ಅವರ ಮಾತಿನಲ್ಲಿ ವಾಪಸ್ ಹೇಳಿಸಿ. ಮಕ್ಕಳಾದರೆ ಹೆತ್ತವರ ಒಪ್ಪಿಗೆಯ ಜೊತೆಗೆ, 7 ವರ್ಷ ದಾಟಿದ ಮಗುವನ್ನೂ ಕೇಳಲೇಬೇಕು.