ಜಿಪ್ಸಮ್ ಬೋರ್ಡ್ ಕತ್ತರಿಸಲು ಗರಗಸ ಬೇಡ

ಪ್ರಶ್ನೆ: ನಮ್ಮ ಮನೆ ತುಮಕೂರಿನ ಬಟವಾಡಿಯಲ್ಲಿ. ಮಗಳು ಈ ವರ್ಷ ಪಿಯುಸಿ, ಅವಳಿಗೆ ಓದಲು ಹಾಲ್‌ನಲ್ಲೇ ಒಂದು ಮೂಲೆಗೆ ಪಾರ್ಟಿಷನ್ ಹಾಕಿಸುತ್ತಿದ್ದೇವೆ. ಕಬ್ಬಿಣದ ಫ್ರೇಮ್ ಕೂರಿಸಿ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಾನೇ ಹ್ಯಾಕ್ಸಾ ಬ್ಲೇಡ್ ಹಿಡಿದು ಜಿಪ್ಸಮ್ ಬೋರ್ಡ್ ಕೊಯ್ಯಲು ಹೋದೆ. ಅಂಚೆಲ್ಲ ಉದುರಿತು, ಮನೆ ತುಂಬಾ ಬಿಳಿ ಧೂಳು, ಒಂದು ಶೀಟ್ ಹಾಳಾಯಿತು. ಇನ್ನೂ ಮೂರು ಉಳಿದಿವೆ. ಮಷಿನ್ ಇಲ್ಲದೆ ನೇರವಾಗಿ ಕತ್ತರಿಸಬಹುದಾ? ಸ್ವಿಚ್ ಬಾಕ್ಸ್‌ಗೂ ಒಂದು ತೂತು ಬೇಕು.

ಉತ್ತರ: ಖಂಡಿತ ಆಗುತ್ತದೆ. ಹಾಳಾದ ಶೀಟನ್ನು ಎಸೆಯಬೇಡಿ, ಕೈ ಪಳಗಿಸಿಕೊಳ್ಳಲು ಅದೇ ಬೇಕು.

ಈ ಬೋರ್ಡ್ ಅಂದರೆ ಎರಡು ದಪ್ಪ ಕಾಗದಗಳ ನಡುವೆ ಜಿಪ್ಸಮ್, ಅಷ್ಟೇ. ಶಾಲೆಯ ಸೀಮೆಸುಣ್ಣವೂ ಇದೇ ಜಾತಿಯದು. ಸೀಮೆಸುಣ್ಣವನ್ನು ಯಾರೂ ಕೊಯ್ಯುವುದಿಲ್ಲ, ಲಟಕ್ ಅಂತ ಮುರಿಯುತ್ತೇವೆ ಅಲ್ವಾ? ಇಲ್ಲೂ ಹಾಗೇ. ಬೋರ್ಡ್‌ಗೆ ಗಟ್ಟಿತನ ಕೊಡುವುದು ಕಾಗದ, ಹಾಗಾಗಿ ಕಾಗದವನ್ನು ಕೊಯ್ದು ಜಿಪ್ಸಮ್ಮನ್ನು ಮುರಿಯಬೇಕು.

ಪೇಪರ್ ಕತ್ತರಿಸುವ ಗಟ್ಟಿ ಕಟ್ಟರ್, ಹೊಸ ಬ್ಲೇಡ್, ಗಾರೆಯವರ ಅಲ್ಯೂಮಿನಿಯಂ ಪಟ್ಟಿ, ಪೆನ್ಸಿಲ್, ಅಳತೆ ಟೇಪು ಸಾಕು. ನುಣುಪಾದ, ಬಿಳಿಚು ಮುಖ ಮೇಲೆ ಬರುವಂತೆ ಶೀಟನ್ನು ಮಲಗಿಸಿ. 6 ಅಡಿ, 4 ಅಡಿಯ ಅರ್ಧ ಇಂಚಿನ ಶೀಟು ಸುಮಾರು 20 ಕೆಜಿ ತೂಗುತ್ತದೆ, ಒಬ್ಬರೇ ಎತ್ತಬೇಡಿ. ಅಳತೆಯನ್ನು ಎರಡೂ ಅಂಚಿನಲ್ಲಿ ಗುರುತು ಮಾಡಿ, ಪಟ್ಟಿ ಇಟ್ಟು ಒತ್ತಿ ಹಿಡಿದು ಕಟ್ಟರ್ ಎಳೆಯಿರಿ. ಪಟ್ಟಿ ಹಿಡಿದ ಬೆರಳು ಅಂಚಿನಿಂದ ಈಚೆಗಿರಲಿ, ಬ್ಲೇಡ್ ಜಾರುವುದು ಒಂದು ಕ್ಷಣದ ಕೆಲಸ. ಮೊದಲು ಹಗುರವಾಗಿ, ಆಮೇಲೆ ಅದೇ ಗೆರೆಯಲ್ಲಿ ಇನ್ನೊಮ್ಮೆ ಒತ್ತಿ. ಕಾಗದ ಪೂರ್ತಿ ಸೀಳಿ ಜಿಪ್ಸಮ್ ಮೇಲೆ ಒಂದು ಗೀರು ಬಿದ್ದರೆ ಆಯಿತು, ಆಳಕ್ಕೆ ಇಳಿಯಬೇಕಿಲ್ಲ.

ಈಗ ಶೀಟನ್ನು ಅಂಚಿನ ಮೇಲೆ ನಿಲ್ಲಿಸಿ, ಗೆರೆಯ ಹಿಂಬದಿಗೆ ಮೊಣಕಾಲು ಕೊಟ್ಟು, ಕೊಯ್ದ ಮುಖ ಬಿರಿಯುವ ಹಾಗೆ ಒಂದೇ ಸಲ ಬಗ್ಗಿಸಿ. ಗೆರೆಯ ಗುಂಟ ನೇರವಾಗಿ ಮುರಿಯುತ್ತದೆ, ಹಿಂದಿನ ಕಾಗದ ಮಾತ್ರ ಬಾಗಿಲಿನ ಕೀಲಿನಂತೆ ಹಿಡಿದುಕೊಂಡಿರುತ್ತದೆ. ಆ ಮಡಿಕೆಯನ್ನು ಹಿಂದಿನಿಂದ ಕೊಯ್ದುಬಿಡಿ. ಅಂಚು ಒರಟಾಗಿದ್ದರೆ ಉಪ್ಪು ಕಾಗದದಲ್ಲಿ ಉಜ್ಜಿ.

ಸ್ವಿಚ್ ಬಾಕ್ಸ್ ತೂತಿಗೆ ಮಾತ್ರ ಗರಗಸ ಬೇಕೇ ಬೇಕು, ಯಾಕೆಂದರೆ ಶೀಟಿನ ನಡುವೆ ಮುರಿಯಲು ಆಗುವುದಿಲ್ಲ. ಚೂಪು ಮೂತಿಯ ಸಣ್ಣ ಗರಗಸ ಸಿಗುತ್ತದೆ. ಬಾಕ್ಸ್‌ನ ಅಳತೆ ಬರೆದು, ಆ ಗೆರೆಯಲ್ಲಿ ಕಾಗದವನ್ನು ಕಟ್ಟರ್‌ನಿಂದ ಸೀಳಿಕೊಂಡು, ಆಮೇಲೆ ಗರಗಸ ಚುಚ್ಚಿ ಕೊಯ್ಯಿರಿ, ಆಗ ಕಾಗದ ಹರಿಯುವುದಿಲ್ಲ. ಇದನ್ನು ಶೀಟು ಕೂರಿಸುವ ಮೊದಲೇ ಮುಗಿಸಿ, ಗರಗಸ ವೈರ್‌ಗೆ ತಾಗುವ ಭಯವೇ ಇರುವುದಿಲ್ಲ.

ಮಾರ್ಬಲ್ ಕತ್ತರಿಸುವ ಮಷಿನ್ ತಂದು ಬೇಗ ಮುಗಿಸೋಣ ಅನ್ನಿಸಬಹುದು. ದಯವಿಟ್ಟು ಬೇಡ. ಆ ನುಣ್ಣನೆ ಧೂಳು ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತದೆ, ಮನೆಯಲ್ಲಿ ಓದುವ ಮಗುವೂ ಇದೆ. ಉಜ್ಜುವಾಗಲೂ ಮಾಸ್ಕ್ ಹಾಕಿ, ಬಿದ್ದ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನೊಂದು, ಗೆರೆ ಹಾಕುವ ಮೊದಲೇ ನೋಡಿಕೊಳ್ಳಿ. ಎತ್ತರದ ಅಳತೆಯಲ್ಲಿ ಅರ್ಧ ಇಂಚು ಕಳೆದು, ಬೋರ್ಡನ್ನು ನೆಲದಿಂದ ಅಷ್ಟು ಮೇಲೆ ಕೂರಿಸಿ. ನೆಲಕ್ಕೆ ತಾಗಿದರೆ ದಿನಾ ಒರೆಸುವ ನೀರನ್ನು ಅದು ಹೀರಿಕೊಂಡು ಬುಡದಲ್ಲಿ ಉಬ್ಬುತ್ತದೆ. ಆ ಸಂದಿ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಪಟ್ಟಿ) ಹಿಂದೆ ಮುಚ್ಚಿಹೋಗುತ್ತದೆ.