ಬಂದೂಕಿನ ಕಾನೂನು ಬಿಗಿ ಮಾಡಿದರೆ ಕೊಲೆಗಳು ಕಡಿಮೆಯಾಗುತ್ತವಾ?

ಸ್ವಿಟ್ಜರ್ಲೆಂಡ್‌ನಲ್ಲಿ ಅಷ್ಟೊಂದು ಬಂದೂಕುಗಳಿದ್ದರೂ ಕೊಲೆ ಕಡಿಮೆ, ಮೆಕ್ಸಿಕೋದಲ್ಲಿ ಕಾನೂನು ಬಿಗಿಯಾಗಿದ್ದರೂ ಕೊಲೆ ಜಾಸ್ತಿ, ಹಾಗಾದರೆ ಕಾನೂನಿಗೂ ಅಪರಾಧಕ್ಕೂ ಸಂಬಂಧ ಇದೆಯಾ ಎಂದು ಕೇಳಿದ್ದೀರಿ. ಇದೆ ಅಂತಲೇ ನಾನು ಹೇಳುತ್ತೇನೆ. ಕಾನೂನು ಜಗಳಗಳನ್ನು ನಿಲ್ಲಿಸುವುದಿಲ್ಲ, ಆದರೆ ಜಗಳದಲ್ಲಿ ಸಾಯುವವರ ಸಂಖ್ಯೆಯನ್ನು ಇಳಿಸಬಲ್ಲದು. ಅದೂ ಬಂದೂಕು ನಿಜವಾಗಿ ಕೈಗೆ ಸಿಗದಂತೆ ಮಾಡಿದಾಗ ಮಾತ್ರ.

ಮೊದಲು ಒಂದು ಎಚ್ಚರಿಕೆ. ದೇಶ ದೇಶಗಳ ನಡುವೆ 'ಹಿಂಸಾತ್ಮಕ ಅಪರಾಧ'ಗಳನ್ನು ಹೋಲಿಸುವ ಪಟ್ಟಿಗಳನ್ನು ನಂಬಬೇಡಿ. ಇಂಗ್ಲೆಂಡಿನಲ್ಲಿ ಗಾಯವಾಗದ ಹಲ್ಲೆಯೂ ಆ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದ ಎಫ್‌ಬಿಐ ಕೊಲೆ, ಅತ್ಯಾಚಾರ, ದರೋಡೆ ಮತ್ತು ಗಂಭೀರ ಹಲ್ಲೆಗಳನ್ನಷ್ಟೇ ಸೇರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಇಂಗ್ಲೆಂಡೇ ಹೆಚ್ಚು ಅಪಾಯಕಾರಿ ಎಂದು ವಾದಿಸುವವರನ್ನು ನೋಡಿದ್ದೇನೆ. ಹೋಲಿಸಲೇಬೇಕು ಅಂದರೆ ಕೊಲೆಗಳ ಲೆಕ್ಕವೇ ಸ್ವಲ್ಪ ವಾಸಿ, ಹೆಣವನ್ನು ಮುಚ್ಚಿಡುವುದು ಕಷ್ಟ.

ಆ ಲೆಕ್ಕ ಹೀಗಿದೆ. ಕಳ್ಳತನ, ಹೊಡೆದಾಟಗಳಲ್ಲಿ ಅಮೆರಿಕ ಉಳಿದ ಶ್ರೀಮಂತ ದೇಶಗಳಿಗಿಂತ ತೀರಾ ಬೇರೆಯಾಗಿಲ್ಲ. ಕೊಲೆಯ ವಿಷಯಕ್ಕೆ ಬಂದರೆ ಮಾತ್ರ ಅಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 5ರಿಂದ 7 ಮಂದಿ ಸಾಯುತ್ತಾರೆ. ಪಶ್ಚಿಮ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಆ ಸಂಖ್ಯೆ 1ರ ಆಸುಪಾಸು. ಅಮೆರಿಕದಲ್ಲಿ 100 ಜನರಿಗೆ ಸುಮಾರು 120 ಬಂದೂಕುಗಳಿವೆ ಎಂದು 2017ರ ಅಂದಾಜು. ಅದೇ ಕುಡಿದ ಜಗಳ, ಅದೇ ಗಂಡ ಹೆಂಡತಿ ಜಗಳ, ಅದೇ ದರೋಡೆ. ಕೈಯಲ್ಲಿ ಬಂದೂಕಿದ್ದರೆ ಆಸ್ಪತ್ರೆಗೆ ಹೋಗಬೇಕಾದವರು ಸ್ಮಶಾನಕ್ಕೆ ಹೋಗುತ್ತಾರೆ.

ಸ್ವಿಟ್ಜರ್ಲೆಂಡ್‌ನಲ್ಲಿ 100 ಜನರಿಗೆ ಸುಮಾರು 28 ಬಂದೂಕುಗಳಿವೆ, ನಿಜ. ಆದರೆ ಅಲ್ಲಿನ ಕಾನೂನು ಸಡಿಲ ಅಲ್ಲ. ಪಿಸ್ತೂಲು ಕೊಳ್ಳಲು ಪರವಾನಗಿ ಬೇಕು. ಅದನ್ನು ಜೊತೆಯಲ್ಲಿಟ್ಟುಕೊಂಡು ಬೀದಿಗೆ ಬರಲು ಇನ್ನೊಂದು ಪರವಾನಗಿ ಬೇಕು, ಅದು ಸಾಮಾನ್ಯರಿಗೆ ಸುಲಭವಾಗಿ ಸಿಗುವುದಿಲ್ಲ. ಸೇನೆಯ ರೈಫಲ್ ಮನೆಯಲ್ಲಿ ಇಟ್ಟುಕೊಳ್ಳುವವರಿಗೂ ಗುಂಡುಗಳನ್ನು ಮನೆಗೆ ಕೊಡುವುದನ್ನು 2007ರಲ್ಲಿ ಬಹುತೇಕ ನಿಲ್ಲಿಸಿದರು.

ಮೆಕ್ಸಿಕೋ ಕಥೆ ಇನ್ನೂ ಮುಖ್ಯ. ಅಲ್ಲಿ ಬಹಳ ವರ್ಷ ಇಡೀ ದೇಶಕ್ಕೆ ಕಾನೂನುಬದ್ಧ ಬಂದೂಕಿನ ಅಂಗಡಿ ಒಂದೇ ಇತ್ತು, ಅದನ್ನೂ ಸೇನೆಯೇ ನಡೆಸುತ್ತಿತ್ತು. ಆದರೆ ಗಡಿಯ ಆಚೆ ಟೆಕ್ಸಾಸ್, ಅರಿಜೋನಾಗಳಲ್ಲಿ ಅಂಗಡಿಗಳ ಸಾಲೇ ಇದೆ. ಅಮೆರಿಕ 1994ರಲ್ಲಿ ಸೇನೆಯ ಬಂದೂಕುಗಳ ಮಾದರಿಯ ಕೆಲವು ಬಗೆಯ ದಾಳಿ ರೈಫಲ್‌ಗಳ ಮಾರಾಟ ನಿಷೇಧಿಸಿತ್ತು, 2004ರಲ್ಲಿ ಆ ನಿಷೇಧದ ಅವಧಿ ಮುಗಿಯಿತು. ಆದರೆ ಕ್ಯಾಲಿಫೋರ್ನಿಯಾ ರಾಜ್ಯ ತನ್ನದೇ ನಿಷೇಧವನ್ನು ಉಳಿಸಿಕೊಂಡಿತು. ಸಂಶೋಧಕರು ಗಡಿಯಂಚಿನ ಮೆಕ್ಸಿಕೋ ಊರುಗಳ ಲೆಕ್ಕ ತೆಗೆದು ನೋಡಿದಾಗ, ಟೆಕ್ಸಾಸ್ ಮತ್ತು ಅರಿಜೋನಾ ಕಡೆಯ ಊರುಗಳಲ್ಲಿ ಕೊಲೆಗಳು ಕ್ಯಾಲಿಫೋರ್ನಿಯಾ ಕಡೆಯ ಊರುಗಳಿಗಿಂತ ಹೆಚ್ಚು ಏರಿದ್ದವು. ದೇಶ ಒಂದೇ, ಕಾನೂನು ಒಂದೇ, ಮಾದಕ ವಸ್ತುಗಳ ಗ್ಯಾಂಗ್‌ಗಳ ಕಾಟವೂ ಎರಡೂ ಕಡೆ ಇತ್ತು. ಪಕ್ಕದ ರಾಜ್ಯದ ಕಾನೂನು ಮಾತ್ರ ಬೇರೆ. ಈ ಇಡೀ ಚರ್ಚೆಯಲ್ಲಿ ನನ್ನನ್ನು ಹೆಚ್ಚು ಒಪ್ಪಿಸಿದ ಸಾಕ್ಷ್ಯ ಇದೇ. ಮೆಕ್ಸಿಕೋವನ್ನು ತೋರಿಸಿ ಕಾನೂನು ವ್ಯರ್ಥ ಅನ್ನುವವರು ಗಡಿಯ ಆಚೆ ಕಡೆ ಒಮ್ಮೆ ನೋಡಬೇಕು.

ಆಸ್ಟ್ರೇಲಿಯಾದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಸರ್ಕಾರ ಕಾನೂನು ಬಿಗಿ ಮಾಡಿ, ಜನರಿಂದ ಸುಮಾರು 6.5 ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆದು ನಾಶ ಮಾಡಿತು. ಅದಕ್ಕೂ ಮೊದಲೇ ಅಲ್ಲಿ ಬಂದೂಕಿನ ಸಾವುಗಳು ಇಳಿಯುತ್ತಿದ್ದವು, ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಕಾನೂನಿಗೆ ಕೊಡಲಾಗದು. ಆದರೆ ಅದಕ್ಕೆ ಹಿಂದಿನ 18 ವರ್ಷಗಳಲ್ಲಿ ಐದು ಅಥವಾ ಹೆಚ್ಚು ಜನ ಸತ್ತ ಗುಂಡಿನ ದಾಳಿಗಳು 13 ನಡೆದಿದ್ದವು. ಮುಂದಿನ 20 ವರ್ಷಗಳಲ್ಲಿ ಒಂದೂ ನಡೆಯಲಿಲ್ಲ. ಇದನ್ನು ಕಾಕತಾಳೀಯ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಬ್ರಿಟನ್‌ನಲ್ಲಿ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ನಂತರ, 1997ರಲ್ಲಿ ಪಿಸ್ತೂಲುಗಳನ್ನು ನಿಷೇಧಿಸಿದರು. ಆಮೇಲೂ ಕೆಲವು ವರ್ಷ ಕೊಲೆಗಳು ಏರುತ್ತಲೇ ಹೋದವು. ಜನರ ಕೈಯಲ್ಲಿ ಪಿಸ್ತೂಲು ಮೊದಲೇ ಕಡಿಮೆ ಇದ್ದ ದೇಶ ಅದು, ಹಾಗಾಗಿ ದೊಡ್ಡ ಬದಲಾವಣೆ ಕಾಣದಿದ್ದರೆ ಆಶ್ಚರ್ಯವಿಲ್ಲ. ಕೊಲೆಗಳ ಲೆಕ್ಕ ಅತಿ ಹೆಚ್ಚಾಗಿದ್ದ 2002-03ರ ಅಂಕಿಯನ್ನು ತೋರಿಸಿ ನಿಷೇಧ ಸೋತಿತು ಅನ್ನುವವರಿದ್ದಾರೆ. ಆದರೆ ಒಬ್ಬ ವೈದ್ಯ ಅದಕ್ಕೂ ಹಿಂದಿನ ವರ್ಷಗಳಲ್ಲಿ ಚುಚ್ಚುಮದ್ದು ಕೊಟ್ಟು ಕೊಂದ 170ಕ್ಕೂ ಹೆಚ್ಚು ರೋಗಿಗಳು ಸೇರಿರುವುದು ಅದೇ ವರ್ಷದ ಲೆಕ್ಕಕ್ಕೆ.

ನನ್ನ ಮಾತಿಗೆ ಸುಲಭವಾಗಿ ಹೊಂದದ ದೇಶ ಬ್ರೆಜಿಲ್. 2019ರಿಂದ 2022ರವರೆಗೆ ಅಲ್ಲಿ ಬಂದೂಕು ಕೊಳ್ಳುವುದು ಸುಲಭವಾಗಿತ್ತು, ಆದರೂ ಕೊಲೆಗಳು 2017ರ ಮಟ್ಟಕ್ಕಿಂತ ಬಹಳ ಕೆಳಗೇ ಉಳಿದವು. 2017ರಲ್ಲಿ ಎರಡು ದೊಡ್ಡ ಜೈಲು ಗ್ಯಾಂಗ್‌ಗಳ ನಡುವೆ ಯುದ್ಧವೇ ನಡೆಯುತ್ತಿತ್ತು, ಆಮೇಲೆ ಅದು ತಣ್ಣಗಾಯಿತು. ಇಂಥ ಕಡೆ ಕಾನೂನಿಗಿಂತ ಗ್ಯಾಂಗ್‌ಗಳ ಲೆಕ್ಕಾಚಾರವೇ ದೊಡ್ಡದು, ಇದನ್ನು ಒಪ್ಪಲೇಬೇಕು.

ನೀವು ಅಪರಾಧದ ಬಗ್ಗೆ ಕೇಳಿದ್ದೀರಿ. ಆದರೂ ಇದನ್ನು ಹೇಳದೆ ಬಿಡಲಾರೆ: ಅಮೆರಿಕದಲ್ಲಿ ಗುಂಡಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಇಸ್ರೇಲ್ ಸೇನೆ 2006ರಲ್ಲಿ ಒಂದು ಸಣ್ಣ ನಿಯಮ ತಂದಿತು, ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ರೈಫಲನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಎಂದು. ಸೈನಿಕರ ಆತ್ಮಹತ್ಯೆಗಳು ಸುಮಾರು 40 ಶೇಕಡಾ ಇಳಿದವು. ಇಳಿದದ್ದು ಮುಖ್ಯವಾಗಿ ವಾರಾಂತ್ಯದಲ್ಲಿ. ಬಂದೂಕು ಕೈಯಲ್ಲೇ ಇರುತ್ತಿದ್ದ ಉಳಿದ ದಿನಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.