ಊರಿನ ದೂರ, ಮನಸ್ಸಿನ ದೂರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ವಿದ್ಯಾರ್ಥಿನಿಯೊಬ್ಬಳು ಕಾಡಂಚಿನ ತನ್ನ ಊರನ್ನು, ದೂರದ ಊರು ಎಂಬ ಅರ್ಥದಲ್ಲಿ, ‘ಅಲೂಫ್ ವಿಲೇಜ್’ (aloof village) ಎಂದು ಬರೆದಿದ್ದಳು. ‘ರಿಮೋಟ್’ ಎಂದು ತಿದ್ದಿದೆ. ರಿಮೋಟ್, ಡಿಸ್ಟೆಂಟ್ ಎರಡೂ ಊರಿಗೂ ಮನುಷ್ಯರಿಗೂ ಸಲ್ಲುತ್ತವೆ, ಅಲೂಫ್ ಮಾತ್ರ ಊರಿಗೆ ಏಕೆ ಸಲ್ಲದು ಎಂದು ಅವಳು ಕೇಳಿದಳು. ಇದಕ್ಕೆ ಕಾರಣವೇನು?
– ಒಬ್ಬ ಶಿಕ್ಷಕಿ, ಸಾಗರ

ಉತ್ತರ: ನೀವು ತಿದ್ದಿದ್ದು ಸರಿ. ಆದರೆ ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು, ಅದಕ್ಕೆ ‘ರೂಢಿಯಲ್ಲಿಲ್ಲ’ ಎಂದಷ್ಟೇ ಹೇಳಿ ಕಳಿಸಬಾರದು.

ಅಲೂಫ್ ಮೂಲತಃ ಹಡಗಿನವರ ಮಾತು. ಗಾಳಿ ಬೀಸಿ ಬರುವ ಕಡೆಯ ಮಗ್ಗುಲಿಗೆ ಹಿಂದೆ ‘ಲೂಫ್’ ಎನ್ನುತ್ತಿದ್ದರು. ಇದು ಡಚ್ ಭಾಷೆಯಿಂದ ಬಂದಿರುವ ಸಂಭವವೇ ಹೆಚ್ಚು. ಗಾಳಿಯು ಹಾಯಿಹಡಗನ್ನು ದಡದತ್ತ ತಳ್ಳುತ್ತಿರುವಾಗ, ಅದರ ಮುಂಭಾಗವನ್ನು ಗಾಳಿಯ ಕಡೆಗೆ ತಿರುಗಿಸಿ ದಡದಿಂದ ದೂರವೇ ಇರಿಸಿಕೊಳ್ಳುವಂತೆ ಚುಕ್ಕಾಣಿ ಹಿಡಿದವನಿಗೆ ಕೊಡುತ್ತಿದ್ದ ಆದೇಶದಲ್ಲಿ ಈ ಪದವಿತ್ತು. 16ನೆಯ ಶತಮಾನದಿಂದ ಇದು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡು, ಕ್ರಮೇಣ ಜನರ ನಡವಳಿಕೆಗೆ ಹಬ್ಬಿತು. ಬೇಕೆಂದೇ ಹತ್ತಿರ ಸುಳಿಯದಿರುವ ಆ ಇಚ್ಛೆಯನ್ನು ಪದ ಇಂದಿಗೂ ಬಿಟ್ಟುಕೊಟ್ಟಿಲ್ಲ. ಯಾರನ್ನೂ ಹಚ್ಚಿಕೊಳ್ಳದ ಮನುಷ್ಯನನ್ನು, ಕರೆದರೂ ಬಾರದ ಬೆಕ್ಕನ್ನು ಅಲೂಫ್ ಎನ್ನಬಹುದು, ಏಕೆಂದರೆ ಎರಡಕ್ಕೂ ಮನಸ್ಸಿದೆ. ಊರು ತಾನಾಗಿ ದೂರ ಸರಿದು ನಿಂತದ್ದಲ್ಲ.

ರಿಮೋಟ್ ಮತ್ತು ಡಿಸ್ಟೆಂಟ್ ಲ್ಯಾಟಿನ್ ಮೂಲದವು. ಮೊದಲನೆಯದರ ಮೂಲಾರ್ಥ ಹಿಂದಕ್ಕೆ ಸರಿಸಿದ್ದು, ಎರಡನೆಯದರದು ಬೇರೆಯಾಗಿ ನಿಲ್ಲುವುದು. ಇಂದಿನ ಬಳಕೆಯಲ್ಲಿ ಡಿಸ್ಟೆಂಟ್ ಎಂದರೆ ಒಂದು ನೆಲೆಯಿಂದ ಅಳೆದ ಅಂತರ. ರಿಮೋಟ್ ಎಂದರೆ ಜನವಸತಿಯಿಂದ, ಸಂಚಾರ ಸೌಕರ್ಯದಿಂದ ಕಡಿದುಹೋದ ಸ್ಥಿತಿ. ಲಂಡನ್ನಿನಿಂದ ಸಿಡ್ನಿ ಸುಮಾರು 17,000 ಕಿ.ಮೀ. ಆಚೆಗಿದ್ದು ಖಂಡಿತ ಡಿಸ್ಟೆಂಟ್, ಆದರೆ ಅಷ್ಟು ದೊಡ್ಡ ನಗರವನ್ನು ಯಾರೂ ರಿಮೋಟ್ ಎನ್ನುವುದಿಲ್ಲ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿರುವ, ಬ್ರಿಟನ್ನಿಗೆ ಸೇರಿದ ಟ್ರಿಸ್ಟನ್ ಡ ಕುನ್ಯಾ ದ್ವೀಪಕ್ಕೆ ಆ ಪದ ಅಚ್ಚುಕಟ್ಟಾಗಿ ಹೊಂದುತ್ತದೆ: ಅಲ್ಲಿ ವಿಮಾನ ನಿಲ್ದಾಣವಿಲ್ಲ, ಕೇಪ್‌ಟೌನಿನಿಂದ ಹಡಗಿನಲ್ಲಿ ಹೋಗಲು ಸುಮಾರು ಒಂದು ವಾರ ಬೇಕು, ಅತ್ಯಂತ ಹತ್ತಿರದ ಜನವಸತಿಯಾದ ಸೇಂಟ್ ಹೆಲೆನಾ ಸುಮಾರು 2,400 ಕಿ.ಮೀ. ದೂರದಲ್ಲಿದೆ. ನಿಮ್ಮ ವಿದ್ಯಾರ್ಥಿನಿಯ ಊರು ಪೇಟೆಗೆ ಮೂವತ್ತು ಕಿಲೋಮೀಟರಿನೊಳಗೇ ಇದ್ದು, ಮಳೆಗಾಲದಲ್ಲಿ ಬಸ್ಸು ನಿಂತುಹೋಗುವಂಥದ್ದಾದರೆ, ಅದನ್ನು ರಿಮೋಟ್ ಎನ್ನಲು ಅಡ್ಡಿಯಿಲ್ಲ.

ಇದೇ ವ್ಯತ್ಯಾಸ ಮನುಷ್ಯರ ವಿಷಯದಲ್ಲೂ ಮುಂದುವರಿಯುತ್ತದೆ. ಗೆಳತಿಯೊಬ್ಬಳು ಈಚೆಗೆ ಡಿಸ್ಟೆಂಟ್ ಆಗಿದ್ದಾಳೆ ಎಂದರೆ ಮೊದಲಿದ್ದ ಸಲಿಗೆ ಕಡಿಮೆಯಾಗಿದೆ ಎಂಬ ಸೂಚನೆ ಇರುತ್ತದೆ, ಅದು ಮರಳಿ ಬರಲೂಬಹುದು. ತಂದೆಯೊಬ್ಬರು ರಿಮೋಟ್ ಆಗಿದ್ದರು ಎಂದರೆ ಮಕ್ಕಳು ಎಷ್ಟು ಪ್ರಯತ್ನಿಸಿದರೂ ಅವರ ಮನಸ್ಸು ಎಟುಕಲಿಲ್ಲ ಎಂಬ ನೋವು ಆ ಮಾತಿನಲ್ಲಿದೆ. ನನಗೆ ಈ ಪದಗಳಲ್ಲೆಲ್ಲ ಅತ್ಯಂತ ಭಾರವಾದದ್ದು ಇದೇ ಎನಿಸುತ್ತದೆ. ಅಲೂಫ್ ಎಂಬುದರಲ್ಲಿ ತಾನು ಇತರರಿಗಿಂತ ಮೇಲು ಎಂಬ ಭಾವದ ಛಾಯೆ ಹಲವು ಸಲ ಸೇರಿರುತ್ತದೆ. ಬಿಗುಮಾನವನ್ನೇ ನೇರವಾಗಿ ಹೇಳಬೇಕಾದರೆ ಸ್ಟ್ಯಾಂಡಾಫಿಶ್ ಎಂಬ ಪದವಿದೆ.

ಸಂಕೋಚದಿಂದ ಮಾತು ಕಡಿಮೆ ಆಡುವ ಮಕ್ಕಳನ್ನು ಅಲೂಫ್ ಎಂದು ವರದಿಪತ್ರದಲ್ಲಿ ದಯವಿಟ್ಟು ಬರೆಯಬೇಡಿ. ಅವರಿಗೆ ರಿಸರ್ವ್ಡ್ ಎಂಬುದು ಸಾಕು, ಅದರಲ್ಲಿ ದೂಷಣೆ ಇಲ್ಲ. ಡಿಟ್ಯಾಚ್ಡ್ ಎಂಬುದು ಸಂದರ್ಭವನ್ನು ನೋಡಿ ಬಳಸಬೇಕಾದ ಪದ: ನ್ಯಾಯಾಧೀಶರಲ್ಲಿ ಅದು ನಿರ್ಲಿಪ್ತತೆ ಎಂಬ ಗುಣ, ಮಗುವನ್ನು ಎತ್ತಿಕೊಂಡ ತಾಯಿಯಲ್ಲಿ ಆತಂಕದ ಸಂಗತಿ.

ತರಗತಿಗೆ ಉಪಯೋಗವಾಗುವ ಇನ್ನೊಂದು ಮಾತು: ರಿಮೋಟ್ ಮತ್ತು ಡಿಸ್ಟೆಂಟ್ ನಾಮಪದಕ್ಕೆ ಮೊದಲು ಸಲೀಸಾಗಿ ನಿಲ್ಲುತ್ತವೆ. ಅಲೂಫ್ ಕೂಡ ಹಾಗೆ ಬರುವುದುಂಟು, ಆದರೆ ‘ಹಿ ರಿಮೇನ್ಡ್ ಅಲೂಫ್’ ಎಂಬಂತೆ ಕ್ರಿಯಾಪದದ ನಂತರ ಬರುವುದೇ ಅದಕ್ಕೆ ಹೆಚ್ಚು ಸಹಜ.